ಗರಿಕೆ ಸತ್ತ ಜಾಗ

ಗೆಳೆಯ ಅಡಿಲೇಡ್ ಬೆಟ್ಟಗಳಲ್ಲಿ ಸೇಬಿನ ತೋಟ ಕೊಂಡಾಗ ಅಡಿಲೇಡಿನ ಮಾಸನ್ ಲೇಕ್ಸ್ ಬಡಾವಣೆಯ ಕನ್ನಡಿಗರಾದ ನಾವೆಲ್ಲ ವಾರಾಂತ್ಯದ ರೈತರಾದೆವು. ಮರಗಳ ಬುಡದಲ್ಲಿ ಹಬ್ಬಿದ್ದ ಹುಲ್ಲನ್ನು ಗುರುತಿಸಿದವಳು ಅವನ ಹೆಂಡತಿ. "ಅಯ್ಯೋ, ಗರಿಕೆ ಕಣ್ರೀ! ಗಣೇಶನ ಹಬ್ಬಕ್ಕೆ ಊರೆಲ್ಲ ಹುಡುಕ್ತಿದ್ವಲ್ಲ!" ಕಳೆ ಸಿಕ್ಕಿದ್ದಕ್ಕೆ ನಾವು ಕೈಮುಗಿದೆವು, ನೀರುಣಿಸಿ ಸಾಕಿದೆವು. ಸೇಬಿನ ಎಳೆಯ ಸಸಿಗಳು ಸೊರಗಿದ ಮೇಲೆ ಭಕ್ತಿ ಇಳಿಯಿತು.

ಆಗ ಬ್ರಿಸ್ಬೇನ್‌ನಿಂದ ಗೆಳೆಯನ ಭಾವ ಬಂದರು. ಹಿತ್ತಲಲ್ಲಿ ಪಪ್ಪಾಯಿ ಬೆಳೆಸಿದ ಅನುಭವಿ. ಯಂತ್ರ ತರಿಸಿ ನೆಲ ಕೊಚ್ಚಿಸಿದರು. ತುಂಡಾದ ಒಂದೊಂದು ಬೇರೂ ಬೇರೆ ಸಂಸಾರ ಹೂಡಿತು.

ಕೊನೆಗೆ ಕಳೆನಾಶಕ ಬಂತು. ಮರಕ್ಕೆ ತಾಗದಂತೆ ಸ್ಪಂಜಿನಿಂದ ಹುಲ್ಲಿಗಷ್ಟೇ ಸವರಬೇಕು. "ಈ ಆರ್ವೋ ಮುಗಿಸಿಬಿಡೋಣ," ಎಂದು ಆಸ್ಟ್ರೇಲಿಯದವರಂತೆ ಮಧ್ಯಾಹ್ನವನ್ನು ಮೊಟಕು ಮಾಡಿದ ಭಾವ, ದೊಡ್ಡ ಡಬ್ಬ ಹೊರಲಾರದೆ ಕಳೆನಾಶಕವನ್ನು ಶರಬತ್ತಿನ ಖಾಲಿ ಬಾಟಲಿಗೆ ಸುರಿದು, ನೆರಳು ನೋಡಿ ನಮ್ಮ ಊಟದ ಚೀಲದ ಪಕ್ಕ ಇಟ್ಟರು. ಐಸ್‌ಕ್ರೀಂ ಡಬ್ಬಿಯಲ್ಲಿ ದೋಸೆ ಹಿಟ್ಟು ಇಡುವ ಕುಲ ನಮ್ಮದು. ಯಾರಿಗೂ ವಿಶೇಷ ಅನ್ನಿಸಲಿಲ್ಲ.

ಬಿಸಿಲಲ್ಲಿ ದಣಿದ ಗೆಳೆಯ ಬಂದವನೇ ಮುಚ್ಚಳ ತಿರುಗಿಸಿ, ತಲೆ ಹಿಂದಕ್ಕೆ ವಾಲಿಸಿ, ಎಂಜಲಾಗದಂತೆ ಬಾಟಲಿಯನ್ನು ಗೇಣುದ್ದ ಮೇಲಕ್ಕೆತ್ತಿದ. ಅದು ಬಾಗಿತು. ಬಾಟಲಿಯ ಬಾಯಲ್ಲಿ ನೊರೆ ಕಂಡಿತು. ಶರಬತ್ತಿಗೆ ನೊರೆಯೇ?

"ಲೋ, ಬೇಡ್ವೋ!" ಎಂದು ಕಿರುಚಿ ಅವನ ಕೈಗೆ ಹೊಡೆದೆ. ಹಳದಿ ಧಾರೆ ಗದ್ದಕ್ಕೆ ತಾಗಿ ಹುಲ್ಲಿನ ಮೇಲೆ ಬಿತ್ತು.

ನಲ್ಲಿಯ ಕೆಳಗೆ ಅವನ ಮುಖ ತೊಳೆಸುತ್ತಿದ್ದಾಗ ಭಾವ ಅಂದರು, "ಬಾಯಿಟ್ಟು ಕುಡಿಯೋ ಜನ ಆಗಿದ್ರೆ ಮುಗಿದೇ ಹೋಗ್ತಿತ್ತು. ನೋಡಿ, ನಮ್ಮ ಸಂಸ್ಕೃತಿ!"

"ವಿಷಾನ ಶರಬತ್ ಬಾಟ್ಲಲ್ಲಿ ಇಟ್ಟಿದ್ದೂ ಅದೇ ಸಂಸ್ಕೃತಿ, ಭಾವ," ಎಂದ ಗೆಳೆಯ.

ವಿಷ ಸಹಾಯವಾಣಿಗೆ ಫೋನ್ ಮಾಡಿದೆವು. ಅಲ್ಲಿದ್ದ ಹೆಂಗಸು, ಅದು ಮೂಲ ಡಬ್ಬದಲ್ಲೇ ಇತ್ತೇ ಎಂದು ಕೇಳಿದಳು. ನಾವು ಮೂವರು ಪದವೀಧರರು ಪರಸ್ಪರ ಮುಖ ನೋಡಿಕೊಂಡೆವು. ಪುಣ್ಯಕ್ಕೆ ಒಂದು ಹನಿಯೂ ಗೆಳೆಯನ ಒಳಗೆ ಹೋಗಿರಲಿಲ್ಲ.

ಗ್ಲೆನೆಲ್ಗ್ ಟ್ರಾಮಿನಲ್ಲಿ ಯಾರಾದರೂ ಬಾಟಲಿ ಎತ್ತಿದರೆ ಈಗಲೂ ನನ್ನ ಕೈ ತಾನಾಗಿ ಮೇಲೇಳುತ್ತದೆ. ಒಮ್ಮೆ ಒಬ್ಬ ಅಪರಿಚಿತನ ಕ್ಷಮೆ ಕೇಳಬೇಕಾಯಿತು.

ಆ ದಿನದ ನಂತರ ಯಾರೂ ಸ್ಪಂಜು ಮುಟ್ಟಿಲ್ಲ; ತೋಟದಲ್ಲಿ ಗರಿಕೆ ಹಸಿರಾಗಿ ಹಬ್ಬಿದೆ. ಗೆಳೆಯನ ಬಾಯಿ ತಪ್ಪಿದ ಧಾರೆ ಬಿದ್ದಲ್ಲಿ ಮಾತ್ರ ತಟ್ಟೆಯಗಲ ನೆಲ ಬೋಳಾಗಿದೆ, ಬೇರೂ ಸತ್ತಿದೆ. ನಾನು ಅದನ್ನು ಸುತ್ತುಹಾಕಿ ನಡೆಯುತ್ತೇನೆ. ಭಾವ ಅದರ ಫೋಟೋವನ್ನು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದ್ದಾರೆ: "ಹೇಳಿದ್ನಲ್ಲ, ಮೆಡಿಸಿನ್ ಕೆಲಸ ಮಾಡತ್ತೆ!"