ನೋಂಬಿನ ಕಷಾಯ

ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಮೇರಿಕುಟ್ಟಿಯ ಮುಂದೆ ನಡೆಯುತ್ತಿರಲಿಲ್ಲ. ಕಡಬದ ಹತ್ತಿರ ಅವಳ ರಬ್ಬರ್ ತೋಟದ ಅಂಚಿನಲ್ಲಿ ಪೇರಳೆ ಮರವಿತ್ತು. ಅದರ ಎಳೆ ಎಲೆ, ಹಸಿ ಅರಿಶಿನ, ಲವಂಗ, ಕಲ್ಲುಪ್ಪು ಹಾಕಿ ಕುದಿಸಿದ ಕಷಾಯದಲ್ಲಿ ಬಾಯಿ ಮುಕ್ಕಳಿಸಿದರೆ ಒಸಡಿನ ಊತ ಇಳಿಯುತ್ತದೆ, ರಕ್ತ ನಿಲ್ಲುತ್ತದೆ. ಕೇರಳದಿಂದ ಬಂದು ಇಲ್ಲಿ ಗುಡ್ಡ ಕಡಿದು ತೋಟ ಮಾಡಿದ ಅಜ್ಜಿ ಕಲಿಸಿದ ಮದ್ದು ಅದು. ನೆಲ್ಯಾಡಿಯಿಂದಲೂ ಜನ ಬಾಟಲಿ ಹಿಡಿದು ಬರುತ್ತಿದ್ದರು. ಮೇರಿಕುಟ್ಟಿಗೆ ಸ್ವಲ್ಪ ಜಂಬವೂ ಇತ್ತು. ಇರಲಿ, ಯಾರಿಗೆ ಇರುವುದಿಲ್ಲ?

ಗಂಡ ತಂಬಿ ಮಾತ್ರ ಬಗ್ಗುವ ಆಸಾಮಿಯಲ್ಲ. ರಬ್ಬರ್ ಕೆತ್ತುವಾಗಲೂ ಮಲಗುವಾಗಲೂ ಕೆನ್ನೆಯಲ್ಲಿ ಎಲೆಯಡಿಕೆ, ಹೊಗೆಸೊಪ್ಪು. ಒಸಡಿನಿಂದ ರಕ್ತ ಬಂದರೆ ಉಗಿದು ಸುಮ್ಮನಾಗುವನು. ಕೆಂಪಿನಲ್ಲಿ ಕೆಂಪು, ಯಾರಿಗೆ ಕಾಣಬೇಕು? ಆದರೆ ಈಸ್ಟರಿಗೆ ಮೊದಲಿನ ಐವತ್ತು ದಿನದ ಉಪವಾಸದ ನೋಂಬು ಬಂತೆಂದರೆ ಅವನು ಬೇರೆಯೇ ಮನುಷ್ಯ. ಮೀನಿಲ್ಲ, ಮಾಂಸವಿಲ್ಲ, ಎಲೆಯಡಿಕೆಯೂ ಇಲ್ಲ. ಹೆಂಡತಿಯ ಒಗರು ಕಷಾಯಕ್ಕೆ ಒಪ್ಪುತ್ತಿದ್ದದ್ದೂ ಆಗ ಮಾತ್ರ.

"ಇದೂ ನೋಂಬಿನ ಲೆಕ್ಕಕ್ಕೆ ಸೇರ್ಲಿ ಮಾರಾಯ್ತಿ" ಎನ್ನುತ್ತಿದ್ದ.

ಈಸ್ಟರ್ ಹೊತ್ತಿಗೆ ಒಸಡು ಸರಿಯಾಗುತ್ತಿತ್ತು. ಹಬ್ಬದ ಊಟ ಮುಗಿದದ್ದೇ ಮತ್ತೆ ಎಲೆ, ಮತ್ತೆ ಊತ. "ಹೆದರ್ಬೇಡ, ಬರುವ ನೋಂಬಿಗೆ ನಿನ್ನ ಕಷಾಯ ಉಂಟಲ್ಲ" ಎಂದು ಅವನು. ಉಂಟಲ್ಲ ಎಂದು ಅವಳು. ವರ್ಷಗಳು ಹಾಗೇ ಹೋದವು.

ಕಳೆದ ಮಳೆಗಾಲಕ್ಕೆ ಮೊದಲು ತಂಬಿಯ ಹಲ್ಲು ಅಲುಗಾಡಿತು, ಒಸಡಿನ ಹುಣ್ಣು ಮಾಯಲಿಲ್ಲ. ಸುಳ್ಯದ ಹಲ್ಲಿನ ಡಾಕ್ಟರ್ ಗಾನಶ್ರೀ ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ಮೇರಿಕುಟ್ಟಿ ಕಷಾಯದ ಮಾತೆತ್ತಿದಳು.

"ಪೇರಳೆ ಎಲೆಗೆ ಊತ ಇಳಿಸುವ ಗುಣ ಉಂಟು, ಸುಳ್ಳಲ್ಲ. ಅದರ ಪರೀಕ್ಷೆ ಎಲ್ಲ ನಡೀತಾ ಉಂಟು. ಆದ್ರೆ ಇದು ಬರೀ ಊತ ಅಲ್ಲಮ್ಮ" ಎಂದರು ಡಾಕ್ಟರ್. "ಎಲೆಯಡಿಕೆ ಬಿಟ್ಟಿದ್ರಾ?"

"ಪ್ರತಿ ನೋಂಬಿಗೂ ಬಿಡ್ತಿದ್ರು."

ಡಾಕ್ಟರ್ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಕ್ರಿಸ್‌ಮಸ್ಸಿಗೆ ಮೊದಲೇ ತಂಬಿ ತೀರಿಕೊಂಡ.

ಮೇರಿಕುಟ್ಟಿ ಅಳಲಿಲ್ಲ, ಅಳು ಬರಲೇ ಇಲ್ಲ. ಮರಗಳನ್ನು ಕೆತ್ತಿದಳು, ರಬ್ಬರ್ ಹಾಲು ಹೆಪ್ಪು ಹಾಕಿದಳು, ಶೀಟು ಒತ್ತಿದಳು. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ನಾಲಗೆಗೆ ತಿಳಿಯುತ್ತಿರಲಿಲ್ಲ. ಯಾರಾದರೂ ಕಷಾಯ ಕೇಳಿದರೆ ಕೈ ತಾನಾಗಿ ಎಲೆ ಕೊಯ್ಯುತ್ತಿತ್ತು. ಈ ವರ್ಷ ಮುಸ್ಲಿಮರ ರಂಜಾನ್ ನೋಂಬೂ ಮೇರಿಕುಟ್ಟಿಯವರ ಈಸ್ಟರ್ ನೋಂಬೂ ಒಟ್ಟಿಗೇ ಶುರುವಾಗಿದ್ದವು. ರಬ್ಬರ್ ಶೀಟನ್ನು ಬೆಳ್ಳಾರೆಗೆ ಸಾಗಿಸುವ ಪಿಕಪ್ಪಿನ ಆಶಿಕ್ ಆಗ ಒಂದು ಬಾಟಲಿ ಒಯ್ದಿದ್ದ.

ರಂಜಾನ್ ಮುಗಿದು ಪೆರ್ನಾಳ್ ಹಬ್ಬ ಕಳೆದ ಮೇಲಿನ ವಾರ ಶೀಟಿಗೆಂದು ಬಂದವನ ಕೆನ್ನೆ ಎಲೆಯಡಿಕೆಗೆ ಉಬ್ಬಿತ್ತು.

"ನಿಮ್ಮ ಕಷಾಯ ಭಾರೀ ಲಾಯ್ಕುಂಟು ಮೇರಿಯಕ್ಕ. ನೋಂಬು ಮುಗಿಯುವಾಗ ಒಸಡಿನ ನೋವೇ ಇರ್ಲಿಲ್ಲ. ಹಬ್ಬ ಕಳೆದದ್ದೇ ಪುನಃ ಶುರು. ಇನ್ನೊಂದು ಬಾಟ್ಲಿ ಕೊಡಿ."

"ನೋಂಬಿನಲ್ಲಿ ಎಲೆಯಡಿಕೆ ಹಾಕ್ತಿದ್ದೆಯಾ?"

"ಛೆ, ಎಂತ ಮಾತಾಡುದು! ರಾತ್ರಿಯೂ ಮುಟ್ಲಿಲ್ಲ. ನೋಂಬು ಅಂದ್ರೆ ನೋಂಬು."

ಮೇರಿಕುಟ್ಟಿ ಬಾಟಲಿ ಹಿಡಿದೇ ನಿಂತಳು. ಇಷ್ಟು ವರ್ಷ ತಂಬಿಯ ಒಸಡನ್ನು ಗುಣ ಮಾಡಿದ್ದು ಎಲೆಯಡಿಕೆ ಇಲ್ಲದ ಖಾಲಿ ಬಾಯಿ. ಪೇರಳೆ ಎಲೆ ಬೇಕಾದರೆ ಸ್ವಲ್ಪ ನೆರವಾಗಿರಬಹುದು. ಹೆಸರು ಮಾತ್ರ ಪೂರ್ತಿ ಅವಳ ಕಷಾಯಕ್ಕೆ ಬಂತು. ಆ ಕಷಾಯದ ಧೈರ್ಯದಲ್ಲೇ ಅವನು ಈಸ್ಟರ್ ಕಳೆದ ಮೇಲೆ ವರ್ಷವಿಡೀ ಅಗಿದ.

"ಉಗುಳು. ಬಾಯಿ ತೆರೆ" ಎಂದಳು.

ಆಶಿಕ್ ನಗುತ್ತಲೇ ತೆರೆದ. ಒಳಗೆ ಒಸಡಿನ ಬದಿಗೆ ಬೆಳ್ಳಗಿನ ಮಚ್ಚೆ.

"ಕಷಾಯ ಇಲ್ಲ. ಸುಳ್ಯಕ್ಕೆ ಹೋಗುವ, ನಾನೂ ಬರ್ತೇನೆ."

"ಈಗಲಾ? ಶೀಟು ಲೋಡ್ ಆಗ್ಬೇಕಲ್ಲ ಅಕ್ಕ."

"ಶೀಟು ಅಲ್ಲಿರ್ಲಿ. ತಂಬಿಯನ್ನು ಕರ್ಕೊಂಡು ಹೋಗುವಾಗ ತಡ ಆಗಿತ್ತು."

ಅವನ ನಗು ನಿಂತಿತು. ಪಿಕಪ್ಪು ಪಂಜ ಪೇಟೆ ದಾಟುವಾಗ ಮೇರಿಕುಟ್ಟಿಗೆ ಅಳು ಬಂತು, ಸೆರಗು ಕಚ್ಚಿದರೂ ತಡೆಯದಷ್ಟು ಬಂತು. ಆಶಿಕ್ ಗಾಬರಿಯಾಗಿ ಬ್ರೇಕ್ ಒತ್ತಿದ.

"ನಿಲ್ಲಿಸ್ಬೇಡ" ಎಂದಳು ಅವಳು, "ಡಾಕ್ಟ್ರು ಊಟಕ್ಕೆ ಹೋಗುವ ಮೊದಲು ಮುಟ್ಬೇಕು."