ಕೊನೆಯ ಬುಟ್ಟಿ

ಪಕ್ಕದ ಮನೆಯವರ ಫೋನಿಗೆ ಕಿವಿ ಕೊಡುವ ಚಾಳಿ ನನಗಿಲ್ಲ. ಆದರೆ ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಪ್ರಿಯಾಂಕಳ ಮನೆಗೂ ನನ್ನ ಮನೆಗೂ ಇರುವುದು ಒಂದೇ ಗೋಡೆ, ಅದರಲ್ಲೂ ಮೇಲೊಂದು ಕಿಂಡಿ. ಕಿವಿ ಮುಚ್ಚಿಕೊಂಡು ಒಗ್ಗರಣೆ ಹಾಕಲು ಆಗುತ್ತದೆಯೇ? ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳ ಫೋನು ಬಡಿದುಕೊಳ್ಳುತ್ತಿತ್ತು. ಆಮೇಲೆ ಸ್ಪೀಕರಿನಿಂದ ಕೇಳಿಸುತ್ತಿದ್ದದ್ದು ಬರೀ ಅಂಕಿ, ಅದಕ್ಕೆ ಇವಳ ಹೂಂ. ಐವತ್ತೆರಡು, ಹೂಂ. ನಲವತ್ತೊಂಬತ್ತು, ಹೂಂ. ಐವತ್ತೇಳು, ಹೂಂ. ಕಡಲಾಚೆ ಕೂತ ಗಂಡ ತನ್ನ ಹೆಂಡತಿಗೆ ಹೇಳುವ ಮಾತಾ ಇದು ಎಂದು ನನಗೆ ಮೈ ಉರಿಯುತ್ತಿತ್ತು.

ಗಂಡ ಗಂಗಾಧರ್ ಚಿಂತಾಮಣಿ ಕಡೆಯ ರೈತರ ಮನೆಯವನು. ಮೊದಲು ನಮ್ಮ ಸೀಮೆಯ ಕೆರೆಗಳಿಗೆ ಮೀನುಮರಿ ಬಿಡಿಸುವ ಕೆಲಸದಲ್ಲಿದ್ದ. ಕೆರೆಯಲ್ಲಿ ನೀರಿದ್ದ ವರ್ಷ ಕೆಲಸ, ಇಲ್ಲದ ವರ್ಷ ಗಾಳಿ ಕುಡಿಯುವುದು. ಆಗ ಕರಾವಳಿಯ ಒಂದು ಸಂಸ್ಥೆಯವರು ಲಕ್ಷದ್ವೀಪದ ಸಣ್ಣದೊಂದು ದ್ವೀಪದಲ್ಲಿ ಟ್ಯೂನಾ ಮೀನು ಅಳೆದು ಲೆಕ್ಕ ಕೊಡುವವರು ಬೇಕು ಎಂದರು. ಅಲ್ಲಿಯವರೆಗೆ ಸಮುದ್ರವನ್ನೇ ನೋಡದವನು, ಮದುವೆಯ ಹಂದರದ ತೋರಣ ಬಾಡುವ ಮುಂಚೆ ಹೊರಟುಬಿಟ್ಟ. ಮಳೆಗಾಲ ಮುಗಿದ ಮೇಲೆ ಹೋದರೆ, ಮುಂದಿನ ಮುಂಗಾರು ಹಿಡಿದು ದೋಣಿಗಳು ದಡ ಸೇರಿದ ಮೇಲೇ ಅವನು ಊರಿಗೆ ಬರುವುದು. ನಾವೆಲ್ಲ ರಾಗಿಗೆಂದು ಮಳೆಯ ದಾರಿ ನೋಡಿದರೆ ಪ್ರಿಯಾಂಕ ಗಂಡನಿಗೆಂದು ನೋಡುತ್ತಿದ್ದಳು.

ಆ ದ್ವೀಪದವರು ಬಲೆ ಹಾಕುವುದಿಲ್ಲವಂತೆ. ಉದ್ದನೆಯ ಕೋಲಿಗೆ ಗಾಳ ಕಟ್ಟಿ ಟ್ಯೂನಾವನ್ನು ಒಂದೊಂದಾಗಿ ಎತ್ತುತ್ತಾರಂತೆ. ದೋಣಿ ದಡಕ್ಕೆ ಬಂದಾಗ ಗಂಗಾಧರ್ ಮೀನಿನ ಮೂತಿಯಿಂದ ಬಾಲದ ಕವಲಿನವರೆಗೆ ಸೆಂಟಿಮೀಟರಿನಲ್ಲಿ ಅಳತೆ ಹಿಡಿಯಬೇಕು. ಅಲ್ಲಿಂದ ಫೋಟೊ, ಫೈಲು ಸಲೀಸಾಗಿ ಹೋಗುವುದಿಲ್ಲ. ಮಾತು ಮಾತ್ರ ಹೇಗೋ ತೂರಿಕೊಂಡು ಬರುತ್ತದೆ. ಪ್ರಿಯಾಂಕ ಬಸ್ ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡುವವಳು, ಬೆರಳು ಚುರುಕು. ಹಾಗಾಗಿ ಸಂಸ್ಥೆಯವರನ್ನು ಒಪ್ಪಿಸಿ ಗಂಡಹೆಂಡಿರೇ ಒಂದು ಏರ್ಪಾಡು ಮಾಡಿಕೊಂಡಿದ್ದರು. ಅವನು ಓದುವುದು, ಇವಳು ಮನೆಯಲ್ಲೇ ಕಂಪ್ಯೂಟರಿಗೆ ಹಾಕಿ ಸಂಸ್ಥೆಗೆ ಕಳಿಸುವುದು. ಸಂಸ್ಥೆ ಅದನ್ನೆಲ್ಲ ಕೂಡಿಸಿ ತಿಂಗಳಿಗೊಮ್ಮೆ ದ್ವೀಪಕ್ಕೇ ವಾಪಸು ತಿಳಿಸುತ್ತಿತ್ತು. ದೋಣಿಯವರು ಸಭೆ ಸೇರಿ ಕೇಳುತ್ತಿದ್ದರು. ಇನ್ನೂ ಮೊಟ್ಟೆ ಇಡದ ಚಿಕ್ಕ ಮೀನು ಹೆಚ್ಚು ಸಿಗುತ್ತಿದೆ ಎಂದು ಲೆಕ್ಕ ಹೇಳಿದರೆ ಆ ವರ್ಷ ದೋಣಿಗಳನ್ನು ಬೇಗ ನಿಲ್ಲಿಸಬೇಕು ಎಂಬುದು ಅವರವರೇ ಮಾಡಿಕೊಂಡ ಕಟ್ಟುಪಾಡು.

ಮೊದಲ ವರ್ಷ ಒಂದು ಸಲ ಗಂಗಾಧರ್ ತಾನೂ ದೋಣಿ ಹತ್ತಿ ಹೋಗಿದ್ದ. ಗಾಳಿ ಎದ್ದು ಆ ಸಂಜೆ ದೋಣಿ ತಿರುಗಿ ಬರಲಿಲ್ಲ ಎಂದು ಸುದ್ದಿ ಬಂತು. ಪ್ರಿಯಾಂಕಳ ಅತ್ತೆ ರಾಮಲಕ್ಷ್ಮಮ್ಮ ಹಳ್ಳಿಯಿಂದ ಓಡಿಬಂದರು. ಪ್ರಿಯಾಂಕ ಅಳಲಿಲ್ಲ, ಫೋನನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕೂತೇ ಇದ್ದಳು. ನಾನು ಕೊಟ್ಟ ಕಾಫಿ ಲೋಟದಲ್ಲೇ ಕೆನೆಗಟ್ಟಿತು. ಮಾರನೆಯ ಸಂಜೆ ಅವನ ಫೋನು ಬಂತು. ಕ್ಷೇಮವಾಗಿದ್ದೀನಿ ಅಂದವನು, ಪುಣ್ಯಾತ್ಮ, ಮರುಮಾತಿಲ್ಲದೆ ಅಂಕಿ ಓದತೊಡಗಿದ.

ಅವತ್ತು ಪ್ರಿಯಾಂಕ ದೋಣಿಯಿಂದ ಇಳಿದ ಕೊನೆಯ ಬುಟ್ಟಿ ಮೀನಿನ ಅಂಕಿಗಳಿಗೆಲ್ಲ ಹೂಂಗುಟ್ಟಿದಳು, ಆದರೆ ಟೈಪು ಮಾಡಲಿಲ್ಲ.

ಇದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಣದಲ್ಲಿ ರಾಗಿ ಅಳೆಯುವಾಗ ರಾಶಿಯ ಬುಡವನ್ನು ಯಾರೂ ಗುಡಿಸಿ ಅಳೆಯುವುದಿಲ್ಲ. ಕೊನೆಯದಿಷ್ಟನ್ನು ಅಳತೆಗೆ ಸೇರಿಸದೆ ಬಿಡಬೇಕು. ಮದುವೆಯಾದ ಹೊಸದರಲ್ಲಿ ಪ್ರಿಯಾಂಕ ಮೊರ ಹಿಡಿದು ಬುಡಕ್ಕೆ ಕೈ ಹಾಕಿದ್ದಕ್ಕೆ ರಾಮಲಕ್ಷ್ಮಮ್ಮ ಅವಳ ಕೈ ಹಿಡಿದು ನಿಲ್ಲಿಸಿದ್ದರಂತೆ. “ಬುಡ ಅಳೀಬಾರ್ದು ಕಣಮ್ಮ. ಪೂರ್ತಿ ಅಳೆದ್ಬಿಟ್ರೆ ಹೋದ್ದು ತಿರುಗಿ ಮನೆಗೆ ಬರಲ್ಲ.” ಅಷ್ಟೇ ಹೇಳಿದ್ದು. ಆ ಮಾತು ಹುಡುಗಿಯ ಎದೆಯಲ್ಲಿ ಕೂತುಬಿಟ್ಟಿತ್ತು. ಕಡಲಿನಿಂದ ಬರುವ ಲೆಕ್ಕದಲ್ಲಿ ಒಂದಿಷ್ಟು ಕಡಲಿಗೇ ಬಿಟ್ಟರೆ ಕಡಲು ತನ್ನ ಗಂಡನನ್ನು ಬಿಡುತ್ತದೆ ಎಂದುಕೊಂಡಳು. ಅವತ್ತಿನಿಂದ ದಿನಾ ಕೊನೆಯ ಬುಟ್ಟಿ ಬಿಟ್ಟಳು. ಅವನು ಪ್ರತಿ ವರ್ಷ ನೆಟ್ಟಗೆ ಮನೆಗೆ ಬರುತ್ತಲೂ ಇದ್ದ. ನಂಬಿಕೆಗೆ ಇನ್ನೇನು ಸಾಕ್ಷಿ ಬೇಕು?

ಮೂರನೆಯ ವರ್ಷದ ಯುಗಾದಿ ಕಳೆಯಿತು. ಪ್ರಿಯಾಂಕ ಮನೆಗೆ ಸುಣ್ಣ ಬಳಿಸಿದಳು. ಅವನಿಗಿಷ್ಟವೆಂದು ಅವರೆಬೇಳೆ ಒಣಗಿಸಿ ಡಬ್ಬಿಗೆ ತುಂಬಿದಳು. ಯಾವ ಸಂಕೋಚವೂ ಇಲ್ಲದೆ ನನ್ನ ಮುಂದೆ ಹಾಡು ಗುನುಗುತ್ತಿದ್ದಳು. ನಾನು ಛೇಡಿಸಿದರೆ, “ಈ ಸಲ ಬೇಗ ಬರ್ತಾರಕ್ಕ, ನಂಗೆ ಹಂಗೇ ಅನ್ನಿಸ್ತೈತೆ” ಅಂದಳು.

ಒಂದು ಸಂಜೆ ಅಂಕಿಯೆಲ್ಲ ಮುಗಿದ ಮೇಲೂ ಅವನು ಫೋನು ಇಡಲಿಲ್ಲ. ಈ ವರ್ಷ ದೋಣಿ ಬೇಗ ನಿಲ್ಲುವುದಿಲ್ಲ ಎಂದ. ಲೆಕ್ಕದಲ್ಲಿ ಎಲ್ಲ ದೊಡ್ಡ ಮೀನೇ ಕಾಣುತ್ತಿದೆ, ಮಳೆ ಒಡೆಯುವವರೆಗೂ ಹಿಡಿಯಬಹುದು ಎಂದು ಸಭೆಯಲ್ಲಿ ತೀರ್ಮಾನವಾಗಿದೆ. ಮೀನು ಅಷ್ಟು ಚೆನ್ನಾಗಿದ್ದರೆ ಮಳೆಗಾಲದಲ್ಲೂ ಅಲ್ಲೇ ಇದ್ದು ದ್ವೀಪದ ಸುತ್ತಲಿನ ಒಳಗಡಲ ಮೀನಿನ ಲೆಕ್ಕ ತೆಗೆಯಲು ಸಂಸ್ಥೆ ಕೇಳಿದೆ. ಈ ವರ್ಷ ಊರಿಗೆ ಬರಲಾಗದೇ ಹೋಗಬಹುದು. ಆಮೇಲೆ ಅವನ ದನಿ ಇಳಿಯಿತು. “ಒಂದು ಮಾತ್ರ ಅರ್ಥ ಆಗ್ತಿಲ್ಲ ಕಣೇ. ದೋಣಿ ಯಜಮಾನ್ರು ನನ್ನ ಕೈ ಹಿಡ್ಕೊಂಡು ಕೇಳಿದ್ರು, ನಮ್ಮ ಗಾಳಕ್ಕೆ ಬರೋದೆಲ್ಲ ಮರಿ ಮೀನು, ನಿನ್ನ ಲೆಕ್ಕದಲ್ಲಿ ಅವು ಎಲ್ಲಿ ಹೋದ್ವು ಅಂತ. ನಾನು ಅಳೆದಿದ್ದೀನಿ, ನಿಂಗೆ ಓದಿದ್ದೀನಿ.”

ದೋಣಿಯಿಂದ ಮೀನು ಇಳಿಸುವಾಗ ದೊಡ್ಡವನ್ನು ಬಾಲ ಹಿಡಿದು ಮೊದಲು ಎತ್ತಿಕೊಡುತ್ತಾರೆ. ಚಿಕ್ಕವು ತಳದಲ್ಲಿ ಉಳಿದು, ಕಟ್ಟಕಡೆಗೆ ಬುಟ್ಟಿಯಲ್ಲಿ ಬರುತ್ತವೆ. ಪ್ರಿಯಾಂಕ ಬಿಟ್ಟಿದ್ದು ಯಾವಾಗಲೂ ಮರಿ ಮೀನುಗಳನ್ನೇ. ಗಂಡ ಬರಲೆಂದು ಹಿಡಿದ ವ್ರತವೇ ಗಂಡನ ದಾರಿಗೆ ಅಡ್ಡ ಮಲಗಿತ್ತು.

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನ ಬಾಗಿಲಿಗೆ ಬಂದು ನಿಂತಳು. ಎಲ್ಲ ಹೇಳಿದಳು. ನಾನು ಬಾಯಿ ಬಿಗಿಹಿಡಿಯುವವಳಲ್ಲ, ಗಂಡನ ಕೆಲಸದ ಮಾತು ಹಾಗಿರಲಿ, ಅಲ್ಲಿಯವರು ನಂಬಿಕೊಂಡ ಲೆಕ್ಕವನ್ನು ನಿನ್ನ ಕಣದ ರಾಗಿ ಅಂದುಕೊಂಡೆಯಾ ಎಂದು ಗದರಿದೆ. ಗದರಿ ನೋಡಿದರೆ, ಅವಳ ಮುಖ ನೋಡಲಾಗಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ಬೇರೆಯವರಿಗೆ ಹೇಳುವುದು ಸುಲಭ. ಮೂರು ವರ್ಷ ಆ ಹುಡುಗಿ ಉಂಡಿದ್ದು ಬರೀ ಕಾಯುವುದನ್ನೇ. ಹೇಳಿದರೆ ಅವನ ಮಾನ ಹೋಗುತ್ತದೆ, ತನ್ನ ಮೇಲಿನ ನಂಬಿಕೆಯೂ ಹೋಗಬಹುದು. ಹೇಳದಿದ್ದರೆ ಅವನು ಬರುವುದಿಲ್ಲ, ಮರಿ ಮೀನೂ ಉಳಿಯುವುದಿಲ್ಲ.

ಮಾರನೆಯ ಸಂಜೆ ಅಂಕಿ ಶುರುವಾಗುವ ಮುಂಚೆಯೇ ಹೇಳಿಬಿಟ್ಟಳು. ಗೋಡೆಯ ಈಚೆ ನಾನು ಒಲೆ ಆರಿಸಿ ನಿಂತಿದ್ದೆ. ಅವನು ಬೈಯಲಿಲ್ಲ. ಆ ಚೀಟಿಗಳೆಲ್ಲ ನನ್ನ ಹತ್ತಿರ ಇವೆ, ಬರೆದುಕೋ ಎಂದ. ಆಮೇಲೆ ಸಂಜೆ ಸಂಜೆ ಬಿಟ್ಟುಹೋದ ಬುಟ್ಟಿಗಳನ್ನು ಮತ್ತೆ ಓದಿದ. ಮೂವತ್ತೆರಡು, ಮೂವತ್ತು, ಮೂವತ್ತೊಂದು. ಇವಳು ಮೂಗು ಎಳೆದುಕೊಳ್ಳುತ್ತಾ ಟೈಪು ಮಾಡಿದಳು. ಸಂಸ್ಥೆಯವರಿಗೆ ಇಬ್ಬರೂ ಇದ್ದದ್ದನ್ನು ಇದ್ದ ಹಾಗೆ ತಿಳಿಸಿದರು. ಅವರು ಸಿಟ್ಟಾದರು, ಕೊನೆಗೆ ಲೆಕ್ಕ ತಿದ್ದಿದರು. ದೋಣಿಯವರು ಸಭೆ ಸೇರಿ ದೋಣಿಗಳನ್ನು ದಡಕ್ಕೆ ಎಳೆದರು. ಯಾಕೆ ತಪ್ಪಾಯಿತು ಎಂದು ಗಂಗಾಧರ್ ತುಂಬಿದ ಸಭೆಯಲ್ಲಿ ಮುಚ್ಚಿಡದೆ ಹೇಳಿದನಂತೆ. ದೋಣಿ ಯಜಮಾನರು ಅದಕ್ಕೆ, ಹಾಗಾದರೆ ಆ ಹೆಣ್ಣುಮಗಳ ಹತ್ತಿರ ಬೇಗ ಹೋಗು ಎಂದರಂತೆ.

ಮುಂಗಾರಿಗೆ ಮುಂಚೆಯೇ ಬಂದ. ಪ್ರಿಯಾಂಕಳ ಮುಖ ಅರಳಿತು, ನಿಜ. ಆದರೆ ನಾನು ಕಣ್ಣಿದ್ದವಳು. ಸಂಜೆಯಾದರೆ ಗಂಗಾಧರ್ ಮಹಡಿ ಹತ್ತಿ ಪಡುವಣಕ್ಕೆ ತಿರುಗಿ ನಿಲ್ಲುತ್ತಿದ್ದ. ಅಲ್ಲಿ ಕಾಣುವುದು ನಂದಿಯ ಸಾಲುಬೆಟ್ಟ, ಹಿಪ್ಪುನೇರಳೆ ತೋಟ, ಕೆಂಪು ಧೂಳು. ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಕೆಲಸ ನೋಡಿಕೊಡುತ್ತೇನೆ ಎಂದು ನಂಟರು ಹೇಳಿದಾಗ ತಲೆಯಾಡಿಸಿದ, ಹೋಗಲಿಲ್ಲ. ಪಕ್ಕದಲ್ಲೇ ಕೂತು ಉಣ್ಣುವ ಗಂಡನ ಮನಸ್ಸು ಊರಲ್ಲಿಲ್ಲ ಎಂಬುದು ಅವಳಿಗೂ ಗೊತ್ತಾಯಿತು. ಹಂಬಲ ಎಂದರೆ ಏನೆಂದು ಅವಳಿಗೆ ಯಾರು ಹೇಳಿಕೊಡಬೇಕು?

ಮಳೆ ನಿಲ್ಲುವ ಹೊತ್ತಿಗೆ ಸಂಸ್ಥೆಯಿಂದ ಕರೆ ಬಂತು. ನೀನು ಬೇಡ ಅಂದರೆ ಹೋಗುವುದಿಲ್ಲ ಎಂದು ಅವನು ಹೆಂಡತಿಗೇ ಬಿಟ್ಟ. ಮೂರನೆಯ ದಿನ ಅವಳು ಅವನ ಬಟ್ಟೆ ಒಗೆದು ಹರವಿದಳು, ಚೀಲ ಕೆಳಗಿಳಿಸಿದಳು. “ಹೋಗ್ಬನ್ನಿ. ಈ ಸಲ ಪೂರ್ತಿ ಬರೀತೀನಿ” ಅಂದಳು. ಹೇಳಿದವಳು ಚೀಲದ ಬಾಯಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ್ದನ್ನು ಕಂಡು ನಾನು ಒಳಗೆ ಹೋಗಿಬಿಟ್ಟೆ.

ದೋಣಿಗಳು ಮತ್ತೆ ಕಡಲಿಗಿಳಿದ ಮೊದಲ ಸಂಜೆ ಫೋನು ಬಂತು. ಅಂಕಿ ಬಂದವು, ಹೂಂ ಬಂದವು. ಕೊನೆಯ ಬುಟ್ಟಿಯ ಹೊತ್ತಿಗೆ ಅವಳ ದನಿ ಸಣ್ಣಗಾಯಿತು, ಆದರೆ ಕೀಲಿಮಣೆಯ ಸದ್ದು ನಿಲ್ಲಲಿಲ್ಲ. ಕಡಲಿಗೆಂದು ಅವಳು ಏನನ್ನೂ ಉಳಿಸಲಿಲ್ಲ. ಅವನು ಮುಗಿಯಿತು ಎಂದ ಮೇಲೂ ಅವಳು ಫೋನು ಇಡಲಿಲ್ಲ. ಆಮೇಲೆ ಅವಳು ಈ ಮೂರು ವರ್ಷದಲ್ಲಿ ಒಮ್ಮೆಯೂ ಆಡದ ಮಾತು ಆಡಿದಳು. “ನೀವಿಲ್ದೆ ನಂಗೆ ಇಲ್ಲಿ ಆಗಲ್ಲ ರೀ.”

ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಎಂದ ಅವನು. ಚೆನ್ನಾಗಿಯೇ ಕೇಳಿಸಿತ್ತು, ಅದು ಅವಳಿಗೂ ಗೊತ್ತಿತ್ತು. ಅವಳು ಇನ್ನೊಂದು ಸಲ ಹೇಳಿದಳು.