ಬೂದಿಯಲ್ಲಿ ಹದವಾದ ಉಕ್ಕು

ಸೂಕ್ಷ್ಮದರ್ಶಕದಲ್ಲಿ ಕಾಣದ್ದನ್ನು ನಂಬದ ಮನುಷ್ಯ ನಾನು. ವಿಶ್ವವಿದ್ಯಾಲಯದಲ್ಲಿ ಲೋಹಶಾಸ್ತ್ರ ಓದಿದವನು. ಯಾರಾದರೂ ಕಾರಣ ಸಿಗದ ಅನುಭವ ಹೇಳತೊಡಗಿದರೆ ನಕ್ಕು ಎದ್ದುಹೋಗುತ್ತಿದ್ದವನು. ಕೆಲವು ವರ್ಷಗಳ ಹಿಂದೆ ಆಳಂದ ತಾಲೂಕಿನ ಮಟಕಿಯಲ್ಲಿ ನಡೆದದ್ದನ್ನು ಹೇಳುವಾಗ ನೀವೂ ಎದ್ದುಹೋದರೆ ನನಗೆ ಬೇಸರವಿಲ್ಲ.

ಅಲ್ಲಿ ನನ್ನ ಗೆಳೆಯ ಶರಣಪ್ಪನ ಬೆಲ್ಲದ ಗಾಣವಿದೆ. ಕಬ್ಬು ಅರೆಯುವ ಉರುಳೆಗೆ ಆಳಂದದ ಕಮ್ಮಾರ ರಸೂಲ್‌ಮಿಯಾ ಮಿಶ್ರ ಉಕ್ಕಿನ ಹೊಸ ಶಾಫ್ಟ್, ಅಂದರೆ ಉರುಳೆಯನ್ನು ಹೊತ್ತು ತಿರುಗುವ ದಂಡ, ಮಾಡಿಕೊಟ್ಟಿದ್ದ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಉಕ್ಕು ಬಹಳ ಗಟ್ಟಿ, ಆದರೆ ಗಾಜಿನಂತೆ ಪೆಡಸು. ಒಳಗೆಲ್ಲ ಸೂಜಿ ಚೆಲ್ಲಿದಂಥ ರಚನೆ. ಮತ್ತೊಮ್ಮೆ ಹದವಾಗಿ ಕಾಯಿಸಿದರೆ ಆ ಸೂಜಿಗಳು ಮಸುಕಾಗಿ ಉಕ್ಕಿಗೆ ತಾಳಿಕೆ ಬರುತ್ತದೆ. ಈ ಎರಡನೆಯ ಕಾವಿಗೆ ಶರಣಪ್ಪ ಶಾಫ್ಟನ್ನು ಬೆಲ್ಲದ ಒಲೆಯ ಬಿಸಿ ಬೂದಿಯಲ್ಲಿ ಹೂಳುತ್ತಿದ್ದ. ಆ ಸಲ ಕಡಿದ ಕಬ್ಬು ಒಣಗುತ್ತದೆಂದು ಬೇಗನೆ ಹೊರತೆಗೆದುಬಿಟ್ಟಿದ್ದ.

ನನಗೆ ಅನುಮಾನ. ಜೋಡಿಸುವಾಗ ತುದಿಯಿಂದ ಕೊಯ್ದಿದ್ದ ಚೂರನ್ನು ಉಜ್ಜಿ, ಆಮ್ಲ ಸವರಿ, ಹಾಡಹಗಲು ಅಂಗಳದಲ್ಲೇ ನಾನು ತಂದಿದ್ದ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಅದರ ಮಸೂರಕ್ಕೆ ಫೋನ್ ಹಿಡಿದು ಒಂದು ಚಿತ್ರವನ್ನೂ ತೆಗೆದೆ. ಗಾಣ ತಿರುಗುತ್ತಿತ್ತು. ಶರಣಪ್ಪನ ಹೆಂಡತಿ ಮಹಾದೇವಿ ಉರುಳೆಯ ಮುಂದೆ ಮಣೆಯ ಮೇಲೆ ಕೂತು ಅದಕ್ಕೆ ಕಬ್ಬು ಕೊಡುತ್ತಿದ್ದಳು.

"ಏನ್ರೀ ಸಾಹೇಬ್ರ, ಕಬ್ಬಿಣಕ್ಕ ಜ್ವರ ಬಂದಾವೇನ್ರಿ?" ಎಂದು ನಕ್ಕಳು.

ಕಣ್ಣಿಟ್ಟೆ. ಬರೀ ಸೂಜಿಗಳು. ನೋಡುತ್ತಿದ್ದಂತೆಯೇ ಅವುಗಳ ನಡುವೆ ಒಂದು ಕಪ್ಪು ಗೆರೆ ಹುಟ್ಟಿ, ಇರುವೆಯಂತೆ ತಡವರಿಸುತ್ತ ಈ ಅಂಚಿನಿಂದ ಆ ಅಂಚಿಗೆ ನಡೆಯಿತು. ಯಾವ ಒತ್ತಡವೂ ಬೀಳದ ಚೂರು ಅದು!

"ವೈನಿ, ಏಳ್ರಿ! ದೂರ ಸರೀರಿ!" ಎಂದು ಕಿರುಚಿದೆ.

"ಹುಚ್ಚ ಹಿಡೀತೇನಲೇ ನಿನಗ?" ಎಂದು ಬೈಯುತ್ತಲೇ ಶರಣಪ್ಪ ಎಂಜಿನ್ ನಿಲ್ಲಿಸಿದ. ಮಹಾದೇವಿ ಸೆರಗು ಕೊಡವಿಕೊಂಡು ನನ್ನತ್ತ ಬಂದಳು. ಗಾಣ ಪೂರ್ತಿ ನಿಂತ ಮೇಲೆ, ಯಾರೂ ಮುಟ್ಟದೆ, ಗುಂಡು ಹಾರಿದಂತೆ ಶಾಫ್ಟ್ ಸಿಡಿಯಿತು. ಉರುಳೆ ಬಿದ್ದು ಅವಳ ಮಣೆ ಹೋಳಾಯಿತು.

ಪೆಡಸು ಉಕ್ಕು ತಾನಾಗಿ ಸಿಡಿಯುವುದುಂಟು. ಅದು ನನಗೆ ಅರ್ಥವಾಗುತ್ತದೆ. ಆದರೆ ಆಮೇಲೆ ಅದೇ ಚೂರನ್ನು ಮತ್ತೆ ನೋಡಿದೆ. ಸೂಜಿಯಿಲ್ಲ, ಬಿರುಕಿಲ್ಲ. ಹದವಾಗಿ ಕಾದ, ದೋಷವಿಲ್ಲದ ಉಕ್ಕು. ಫೋನಿನ ಚಿತ್ರದಲ್ಲೂ ಅದೇ. ತುದಿಗೆ ಬೂದಿಯ ಕಾವು ತಾಗಿ ನಡುವಿಗೆ ತಾಗಿರಲಿಕ್ಕಿಲ್ಲ, ಸರಿ. ಹಾಗಾದರೆ ಆ ತುದಿಯ ಚೂರಿನಲ್ಲಿ ನಾನು ಕಂಡದ್ದೇನು? ಶಾಫ್ಟ್ ಸಿಡಿದ ಮೇಲೆ ನಾನೇ ಕಟ್ಟಿಕೊಂಡ ನೆನಪೇ ಅದು? ಹಾಗಿದ್ದರೆ ಮೊದಲೇ ಕಿರುಚಿದ್ದೇಕೆ?

"ಅವತ್ತ ಏನ್ ಕಂಡ್ರಿ? ಖರೇ ಹೇಳ್ರಿ," ಎಂದು ಮಹಾದೇವಿ ಈಗಲೂ ಕೇಳುತ್ತಾಳೆ. "ಬಿರುಕು" ಎನ್ನುತ್ತೇನೆ. ಚಿತ್ರ ತೋರಿಸುವುದಿಲ್ಲ.

ಮೊನ್ನೆ ಜೇವರ್ಗಿ ಕಡೆಯ ಗಾಣವೊಂದರಿಂದ ಶಾಫ್ಟಿನ ಚೂರು ಪರೀಕ್ಷೆಗೆ ಬಂದಿದೆ. ರಚನೆ ಚೆನ್ನಾಗಿದೆ, ಚೆನ್ನಾಗಿದೆಯೆಂದು ತಿಳಿಸಿಬಿಡಬೇಕು. ಆದರೂ ಬೆಳಗಿನಿಂದ ಮತ್ತೆ ಮತ್ತೆ ಕಣ್ಣಿಟ್ಟು ಕಾಯುತ್ತಿದ್ದೇನೆ. ಅಲ್ಲಿಯೂ ಯಾರೋ ಉರುಳೆಯ ಮುಂದೆ ಕೂತಿರುತ್ತಾರೆ.